ನೀರ್‌ದೋಸೆ ಗಾಡಿಗೆಂದು ಕೊಂಡ ಪಲ್ಸ್ ಮಿಗ್: ಹತ್ತು ತಿಂಗಳು ಬಳಸಿದ ಮೇಲೆ

ಕಳೆದ ವರ್ಷ ಆಗಸ್ಟ್‌ನಲ್ಲಿ ಸಾಗರದಿಂದ ಒಂದು ಫೋನ್ ಬಂತು. "ಅಣ್ಣಾ, ಹೊರಗೆ ಮಳೆ ನಿಂತ್ರೂ ಗಾಡಿ ಒಳಗೆ ನಿಲ್ತಿಲ್ಲ." ನಾವೇ ಕಟ್ಟಿಕೊಟ್ಟ ನೀರ್‌ದೋಸೆ ಗಾಡಿ ಅದು. ಟಾಟಾ ಏಸ್ ಮೇಲೆ 14 ಗೇಜ್, ಅಂದರೆ 2 ಎಂಎಂ ಅಲ್ಯೂಮಿನಿಯಂ ಶೀಟಿನ ಬಾಡಿ. ಪಾಪ್ ರಿವೆಟ್ ಹೊಡೆದು ಸಂದಿಗೆ ಸಿಲಿಕಾನ್ ತುಂಬಿದ್ದೆವು. ಗಾಡಿ ಗುಂಡಿ ರಸ್ತೆಯಲ್ಲಿ ಕುಲುಕಿ ಕುಲುಕಿ ರಿವೆಟ್ ಸಡಿಲವಾಯಿತು, ಸಿಲಿಕಾನ್ ಬಾಯಿ ಬಿಟ್ಟಿತು. ಮಲೆನಾಡಿನ ಮಳೆಗೆ ಅಷ್ಟು ಜಾಗ ಧಾರಾಳವಾಯಿತು. ಗಾಡಿ ನಡೆಸುವ ಆಯಮ್ಮ ಹಿಟ್ಟಿನ ಪಾತ್ರೆಗೆ ಕೊಡೆ ಹಿಡಿದು ದೋಸೆ ಹೊಯ್ದರಂತೆ.

ನನ್ನದು ಶಿವಮೊಗ್ಗದಲ್ಲಿ ಒಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್. ನಾನು, ಇಬ್ಬರು ಹುಡುಗರು. ಗೇಟು, ಗ್ರಿಲ್ಲು ಮಾಡಿಕೊಂಡು ಬಂದವರು. ಕಬ್ಬಿಣಕ್ಕೆ ಒಂದು 250 ಆಂಪಿಯರ್ ಮಿಗ್ ಇತ್ತು, ಅಂದರೆ ಗನ್ನಿನಿಂದ ವೈರ್ ತಾನೇ ಬರುತ್ತಾ ಕರಗುವ ವೆಲ್ಡಿಂಗ್ ಮೆಷಿನ್. "ಆರ್ಗನ್ ಗ್ಯಾಸ್ ಹಾಕಿ, ಅಲ್ಯೂಮಿನಿಯಂ ವೈರ್ ಹಾಕಿ, ಆಯ್ತು" ಎಂದು ಅದನ್ನು ಮಾರಿದ ಅಂಗಡಿಯವರು ಹೇಳಿದರು. ಹಾಕಿದೆವು. ಹತ್ತು ನಿಮಿಷಕ್ಕೆ ಗನ್ನಿನಿಂದ ವೈರ್ ಬರುವುದೇ ನಿಂತಿತು. ಮುಚ್ಚಳ ತೆಗೆದು ನೋಡಿದರೆ ರೋಲರ್ ಪಕ್ಕದಲ್ಲಿ ಒಂದು ಉಂಡೆ ಒತ್ತುಶಾವಿಗೆ!

ಕಬ್ಬಿಣದ ವೈರ್ ಗಟ್ಟಿ. ಹಿಂದಿನಿಂದ ತಳ್ಳಿದರೆ ಮುಂದೆ ಹೋಗುತ್ತದೆ. ಅಲ್ಯೂಮಿನಿಯಂ ವೈರ್ ಮೆತ್ತಗೆ. ಎಲ್ಲಾದರೂ ಸ್ವಲ್ಪ ಸಿಕ್ಕಿಕೊಂಡರೂ ಹಿಂದೆ ಮಡಚಿಕೊಳ್ಳುತ್ತದೆ. ವಿ ಆಕಾರದ ಕಚ್ಚಿನ ರೋಲರ್ ಅದನ್ನು ಚಪ್ಪಟೆ ಮಾಡುತ್ತದೆ, ಕೇಬಲ್ ಒಳಗೆ ವೈರ್ ಓಡುವ ಸ್ಟೀಲ್ ಕೊಳವೆ, ಅಂದರೆ ಲೈನರ್, ಅದನ್ನು ಕೆರೆಯುತ್ತದೆ. ಯು ಆಕಾರದ ಕಚ್ಚಿನ ರೋಲರ್ ಮತ್ತು ಟೆಫ್ಲಾನ್ ಲೈನರ್ ಬೇಕು. ರೋಲರ್ ಬಿಗಿ ಕಡಿಮೆ ಇರಬೇಕು. ಅದೆಲ್ಲ ತರಿಸಿ ಹಾಕಿದೆವು. ವೈರ್ ಓಡಿತು. ಆಮೇಲೆ ಶೀಟಿನ ಸರದಿ.

ಆಂಪಿಯರ್ ಕಡಿಮೆ ಇಟ್ಟರೆ ಬೀಡು, ಅಂದರೆ ವೈರ್ ಕರಗಿ ಕೂರುವ ಗೆರೆ, ಶೀಟಿನ ಮೇಲೆ ಸುಮ್ನೆ ಕೂತುಕೊಳ್ಳುತ್ತಿತ್ತು. ಉಳಿ ಇಟ್ಟು ಒಂದು ಏಟು ಹಾಕಿದರೆ ಕಿತ್ತು ಬರುತ್ತಿತ್ತು. ಸ್ವಲ್ಪ ಏರಿಸಿದರೆ ಶೀಟೇ ಕೆಳಗೆ ಬೀಳುತ್ತಿತ್ತು. ನಡುವೆ ಕೆಲಸ ಮಾಡಲು ಜಾಗವೇ ಇಲ್ಲ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಮೇಲಿನ ಆಕ್ಸೈಡ್ ಪದರ ಕರಗಲು 2,000 ಡಿಗ್ರಿ ದಾಟಬೇಕು. ಹಾಲಿನ ಕೆನೆ ಗಟ್ಟಿಯಾಗಿದ್ದು ಕೆಳಗಿನ ಹಾಲು ಉಕ್ಕಿದ ಹಾಗೆ. ಅದರ ಮೇಲೆ ಶಾಖ ಶೀಟಿನ ಉದ್ದಕ್ಕೂ ಓಡುತ್ತದೆ. ಶುರುವಿನಲ್ಲಿ ತಣ್ಣಗಿದ್ದು ಅಂಟದ ಶೀಟು ಒಂದು ಅಡಿ ಮುಂದೆ ಹೋಗುವಷ್ಟರಲ್ಲಿ ಬಿಸಿಯಾಗಿ ತೂತು ಬೀಳುತ್ತದೆ. ಕಬ್ಬಿಣವಾದರೆ ಕೆಂಪಾಗಿ ಮುನ್ಸೂಚನೆ ಕೊಡುತ್ತದೆ. ಇದು ಬಣ್ಣವನ್ನೂ ಬದಲಿಸುವುದಿಲ್ಲ.

ಪಲ್ಸ್ ಮಿಗ್ ಇದಕ್ಕೇ ಇರುವುದು. ಕರೆಂಟ್ ಒಂದೇ ಸಮ ಹರಿಯುವುದಿಲ್ಲ, ಏರುತ್ತದೆ, ಇಳಿಯುತ್ತದೆ. ಏರಿದಾಗ ವೈರಿನ ತುದಿಯಿಂದ ಒಂದು ಹನಿ ಬಿಡುತ್ತದೆ. ಇಳಿದಾಗ ಆರ್ಕ್, ಅಂದರೆ ವೈರಿಗೂ ಶೀಟಿಗೂ ನಡುವಿನ ಕಿಡಿ, ಆರದಷ್ಟು ಮಾತ್ರ ಉರಿಯುತ್ತದೆ. ಸರಾಸರಿ ಶಾಖ ಕಡಿಮೆ, ಹನಿ ಮಾತ್ರ ಸರಿಯಾಗಿ ಕರಗಿ ಬೀಳುತ್ತದೆ.

ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೋದೆ. ಎಸ್.ಜೆ.ಪಿ. ರಸ್ತೆಯ ಸುತ್ತ ಎರಡು ದಿನ ಅಲೆದೆ. ಚೀಲದಲ್ಲಿ ನಮ್ಮದೇ ಶೀಟಿನ ಹನ್ನೆರಡು ತುಂಡು ಇಟ್ಟುಕೊಂಡಿದ್ದೆ. ಇದೊಂದು ಬುದ್ಧಿ ಆವತ್ತು ನನಗೆ ಹೇಗೆ ಹೊಳೆಯಿತೋ! ಮೊದಲ ಅಂಗಡಿಯಲ್ಲಿ 6 ಎಂಎಂ ಪ್ಲೇಟಿನ ಮೇಲೆ ವೆಲ್ಡ್ ಮಾಡಿ ತೋರಿಸಿದರು. ನಾಣ್ಯ ಜೋಡಿಸಿಟ್ಟ ಹಾಗಿತ್ತು ಬೀಡು. ನನ್ನ 2 ಎಂಎಂ ತುಂಡು ತೆಗೆದು ಮುಂದಿಟ್ಟೆ. "ಗ್ಯಾಸ್ ಖಾಲಿ ಸಾರ್, ಊಟ ಆದ್ಮೇಲೆ ಬನ್ನಿ" ಅಂದರು. ಎರಡನೇ ಅಂಗಡಿಯವರು ಬಾಕ್ಸ್ ಮೇಲಿನ 350 ಆಂಪಿಯರ್ ತೋರಿಸಿ ತೋರಿಸಿ ಹೊಗಳಿದರು. 350 ತಗೊಂಡು ನಾನೇನು ಮಾಡಲಿ? ತೆಳು ಶೀಟಿಗೆ ಮೆಷಿನ್ ಎಷ್ಟು ಕೆಳಗೆ ಇಳಿದು ನಡುಗದೆ ನಿಲ್ಲುತ್ತದೆ ಅನ್ನುವುದು ಮುಖ್ಯ. ಅದನ್ನು ಕೇಳಿದರೆ ಅವರ ಹತ್ತಿರ ಉತ್ತರ ಇಲ್ಲ.

ಮೂರನೇ ಕಡೆ ಒಬ್ಬ ಚಿಕ್ಕ ಹುಡುಗ ಮಾತಿಲ್ಲದೆ ನನ್ನ ತುಂಡು ತಗೊಂಡ. ಉಜ್ಜಿದ, ಅಂಚಿಗೆ ಅಂಚು ಇಟ್ಟು ಎಳೆದ. ಮೂಲೆ ಜಾಯಿಂಟೂ ಮಾಡಿದ. ಹಿಂದೆ ತಿರುಗಿಸಿದರೆ ಸಣ್ಣ ಗೆರೆಯ ಹಾಗೆ ಮಾಲು ಇಳಿದಿತ್ತು. ವೈಸ್‌ಗೆ ಕಚ್ಚಿಸಿ ಬಗ್ಗಿಸಿದೆ, ಬಿರುಕು ಬರಲಿಲ್ಲ. ಅಲ್ಲೇ ಅಡ್ವಾನ್ಸ್ ಕೊಟ್ಟೆ.

200 ಆಂಪಿಯರ್, ಸಿಂಗಲ್ ಫೇಸ್, ಡಬಲ್ ಪಲ್ಸ್ (ಕರೆಂಟಿನ ಏರಿಳಿತದ ಮೇಲೆ ಇನ್ನೊಂದು ನಿಧಾನದ ಏರಿಳಿತ). ಜಿಎಸ್‌ಟಿ ಸೇರಿ 1,08,000 ರೂಪಾಯಿ ಬಿತ್ತು. ವೈರ್ ಸುರುಳಿ ಮೇಲೇ ಕೂರುವ ಸ್ಪೂಲ್ ಗನ್ ಬೇರೆ, 16,500. ಕಂಪನಿ ಹೆಸರು ಬರೆಯುವುದಿಲ್ಲ. ಮುಂದೆ ಒಂದು ದೂರು ಇದೆ.

ಮೊದಲು ಒಳ್ಳೆಯದು. ಯಾವ ವೈರ್, ಎಷ್ಟು ದಪ್ಪದ ಶೀಟು ಎಂದು ಆರಿಸಿದರೆ ಉಳಿದದ್ದನ್ನು ಅದೇ ಹೊಂದಿಸಿಕೊಳ್ಳುತ್ತದೆ. 1 ಎಂಎಂ ವೈರಿನಲ್ಲಿ 2 ಎಂಎಂ ಶೀಟು ಜೋಡಿಸಲು ನಾವು 75 ಆಂಪಿಯರ್ ಆಸುಪಾಸು ಇಡುತ್ತೇವೆ. ನನಗೆ ತುಂಬಾ ಹಿಡಿಸಿದ್ದು 4ಟಿ, ಅಂದರೆ ಗನ್ನಿನ ಬಟನ್ ಒತ್ತಿ ಬಿಟ್ಟು ನಾಲ್ಕು ಹಂತದಲ್ಲಿ ನಡೆಸುವುದು. ಬಟನ್ ಒತ್ತಿದಾಗ ಜಾಸ್ತಿ ಕರೆಂಟಿನಲ್ಲಿ ಶುರುವಾಗಿ ತಣ್ಣಗಿನ ಶೀಟನ್ನು ಹಿಡಿಯುತ್ತದೆ. ಮುಗಿಸುವಾಗ ಇನ್ನೊಮ್ಮೆ ಒತ್ತಿ ಹಿಡಿದರೆ ಕರೆಂಟ್ ಇಳಿದು ಬೀಡಿನ ಕೊನೆಯಲ್ಲಿ ಉಳಿಯುವ ಗುಂಡಿ ತುಂಬುತ್ತದೆ. ಅಲ್ಯೂಮಿನಿಯಂನಲ್ಲಿ ತಟಕ್ಕನೆ ನಿಲ್ಲಿಸಿದರೆ ಆ ಗುಂಡಿಯಲ್ಲಿ ನಕ್ಷತ್ರದ ಹಾಗೆ ಬಿರುಕು ಬಿಡುತ್ತದೆ. ನೀರು ಒಳಗೆ ಬರುವುದು ಅಲ್ಲಿಂದಲೇ. ಡಬಲ್ ಪಲ್ಸ್ ಬಗ್ಗೆ ಎಲ್ಲರೂ ಹೊಗಳುತ್ತಾರೆ. ಬೀಡ್ ಮೇಲೆ ಟಿಗ್ (ಒಂದು ಕೈಯಲ್ಲಿ ವೈರ್ ಕೊಡುತ್ತಾ ನಿಧಾನ ಮಾಡುವ ವೆಲ್ಡಿಂಗ್) ಥರ ಅಲೆ ಅಲೆ ಬರುತ್ತದೆ, ಗಿರಾಕಿ ಮೊಬೈಲಿನಲ್ಲಿ ಫೋಟೊ ಹೊಡೆಯುತ್ತಾರೆ. ನನ್ನ ಕೆಲಸಕ್ಕೆ ಸಿಂಗಲ್ ಪಲ್ಸ್ ಸಾಕಿತ್ತು.

ಡ್ಯೂಟಿ ಸೈಕಲ್ 60 ಪರ್ಸೆಂಟ್ ಎಂದಿದೆ. ಅಂದರೆ ಪೂರ್ತಿ 200ರಲ್ಲಿ ಹತ್ತು ನಿಮಿಷಕ್ಕೆ ಆರು ನಿಮಿಷ. ನಾವು 90 ದಾಟುವುದೇ ಅಪರೂಪ, ಒಮ್ಮೆಯೂ ಬಿಸಿಯಾಗಿ ನಿಂತಿಲ್ಲ.

ಇನ್ನು ಕಾಟಗಳು. ಗನ್ ಕೇಬಲ್ 3 ಮೀಟರ್ ಮಾತ್ರ. ಮೆತ್ತಗಿನ ವೈರನ್ನು ಅದಕ್ಕಿಂತ ದೂರ ತಳ್ಳುವುದು ಕಷ್ಟ, ಹಾಗಾಗಿ ಇದು ತಪ್ಪು ಅಂತ ಹೇಳಲಾರೆ. ಆದರೆ ಗಾಡಿಯ ಸುತ್ತ ಮೆಷಿನನ್ನೂ ಸಿಲಿಂಡರನ್ನೂ ಎಳೆದುಕೊಂಡೇ ಓಡಾಡಬೇಕು. ಕೇಬಲ್ ಸುತ್ತಿಕೊಂಡರೆ ಮತ್ತೆ ಶಾವಿಗೆ. ಸ್ಪೂಲ್ ಗನ್ನಿನಲ್ಲಿ ಈ ತಲೆನೋವಿಲ್ಲ. ಅರ್ಧ ಕೆಜಿ ಸ್ಪೂಲ್ ಗನ್ನಿನ ಮೇಲೇ ಕೂರುತ್ತದೆ, ವೈರ್ ಒಂದು ಗೇಣು ಹೋದರೆ ಸಾಕು. 0.8 ಎಂಎಂ ವೈರೂ ಸಲೀಸಾಗಿ ಬರುತ್ತದೆ. ಭಾರ ಮಾತ್ರ ಜಾಸ್ತಿ. ಮೂಲೆಗೆ ತೂರುವುದಿಲ್ಲ. ಚಿಕ್ಕ ಸ್ಪೂಲಿನಲ್ಲಿ ವೈರ್ ಕೆಜಿ ಲೆಕ್ಕಕ್ಕೆ ದುಬಾರಿ. ನಮ್ಮ ಚಿಕ್ಕ ಹುಡುಗ ಅದಕ್ಕೆ "ಹೇರ್ ಡ್ರೈಯರ್" ಎಂದು ಹೆಸರಿಟ್ಟಿದ್ದಾನೆ.

ಈಗ ದೂರು. ಏಪ್ರಿಲ್‌ನಲ್ಲಿ ಫ್ಯಾನ್ ನಿಂತಿತು. ಶಿವಮೊಗ್ಗದಲ್ಲಿ ಸರ್ವಿಸ್ ಇಲ್ಲ, ಮೆಷಿನನ್ನೇ ಬೆಂಗಳೂರಿಗೆ ಲಾರಿ ಆಫೀಸಿನಿಂದ ಕಳಿಸಿದೆ. 19 ದಿನ. ದಿನಾ ಫೋನ್ ಮಾಡಿದರೆ "ನಾಳೆ ಸಾರ್". ಫ್ಯಾನಿಗೆ ದುಡ್ಡು ತಗೊಳ್ಳಲಿಲ್ಲ ನಿಜ, ಆದರೆ ಕೈಯಲ್ಲಿದ್ದ ಒಂದು ಗಾಡಿಯ ಕೆಲಸ ಬೇರೆಯವರ ಪಾಲಾಯಿತು. ಮೆಷಿನ್ ಕೊಳ್ಳುವ ಮುಂಚೆ ಸರ್ವಿಸ್ ಎಲ್ಲಿ ಎಂದು ಕೇಳಿದ್ದೆ. "ಆಲ್ ಇಂಡಿಯಾ" ಅಂದಿದ್ದರು. ಅದು ಯಾವ ಊರೋ!

ಮೆಷಿನ್ ಬೆಲೆಯ ಹಿಂದೆಯೇ ಗ್ಯಾಸ್ ಖರ್ಚು ಬರುತ್ತದೆ. ಶುದ್ಧ ಆರ್ಗನ್ನೇ ಬೇಕು. ಕಬ್ಬಿಣಕ್ಕೆ ಹಾಕುವ ಸಿಒಟು ಅಥವಾ ಮಿಕ್ಸ್ ಗ್ಯಾಸ್ ನಡೆಯುವುದಿಲ್ಲ. ನಾವು ನಿಮಿಷಕ್ಕೆ 15 ಲೀಟರ್ ಬಿಡುತ್ತೇವೆ. 7 ಕ್ಯೂಬಿಕ್ ಮೀಟರ್ ಸಿಲಿಂಡರ್ ಅಂದರೆ 7,000 ಲೀಟರ್. ಆರ್ಕ್ ಉರಿಯುವ ಲೆಕ್ಕದಲ್ಲಿ ಏಳೂಮುಕ್ಕಾಲು ಗಂಟೆ. ಶೆಡ್ಡಿನ ಒಂದು ಕಡೆ ತೆರೆದಿದೆ, ಗಾಳಿಗೆ ಗ್ಯಾಸ್ ಹಾರುತ್ತದೆ. ಅಲ್ಲಿಗೆ ಟಾರ್ಪಾಲಿನ್ ಕಟ್ಟಿದ್ದೇವೆ.

ಅಲ್ಯೂಮಿನಿಯಂ ಮಿಶ್ರಲೋಹಗಳನ್ನು ನಂಬರಿನಿಂದ ಕರೆಯುತ್ತಾರೆ. ನಮ್ಮದು 5052 ಶೀಟು, ಅದಕ್ಕೆ 5356 ವೈರ್. 4043 ವೈರಿಗಿಂತ ಇದು ಸ್ವಲ್ಪ ಗಟ್ಟಿ, ಗನ್ನಿನಲ್ಲಿ ಚೆನ್ನಾಗಿ ಓಡುತ್ತದೆ. ಬೀಡ್ ಪಕ್ಕ ಕಪ್ಪು ಮಸಿ ಕೂರುತ್ತದೆ. ಹುಡುಗರು ಮೊದಲು ಹೆದರಿದರು. ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಗನ್ ಮಾತ್ರ ಮುಂದಕ್ಕೆ ತಳ್ಳುತ್ತಾ ಹೋಗಬೇಕು. ಹಿಂದಕ್ಕೆ ಎಳೆದರೆ ಮಸಿ ಇನ್ನೂ ಜಾಸ್ತಿ.

ಜೂನ್‌ನಲ್ಲಿ ಒಂದು ರಾತ್ರಿ ಸ್ಪೂಲನ್ನು ಮೆಷಿನಿನಲ್ಲೇ ಬಿಟ್ಟು ಹೋದೆವು. ಜಡಿಮಳೆ, ಶೆಡ್ಡೆಲ್ಲ ಥಂಡಿ. ಬೆಳಿಗ್ಗೆ ಎಳೆದ ಬೀಡು ಗ್ರೈಂಡ್ ಮಾಡಿದರೆ ಒಳಗೆಲ್ಲ ಸಣ್ಣ ಸಣ್ಣ ಕಣ್ಣು, ಥೇಟ್ ನೀರ್‌ದೋಸೆ. ತೇವದಿಂದ ಹೈಡ್ರೋಜನ್ ಸೇರಿ ಹಾಗಾಗುತ್ತದೆ. ಈಗ ಸ್ಪೂಲ್ ಸಂಜೆ ಪ್ಲಾಸ್ಟಿಕ್ ಚೀಲ ಸೇರಿ ನನ್ನ ಜೊತೆ ಮನೆಗೆ ಬರುತ್ತದೆ. ಹೆಂಡತಿ ಅದನ್ನು ಅಕ್ಕಿ ಡಬ್ಬದ ಪಕ್ಕ ಇಡಲು ಬಿಟ್ಟಿದ್ದಾಳೆ. ಶೀಟನ್ನು ಮೊದಲು ಅಸಿಟೋನಿನಲ್ಲಿ ಒರೆಸಿ ಆಮೇಲೆ ಸ್ಟೇನ್‌ಲೆಸ್ ಬ್ರಶ್‌ನಲ್ಲಿ ಉಜ್ಜುತ್ತೇವೆ. ಉಲ್ಟಾ ಮಾಡಿದರೆ ಎಣ್ಣೆಯನ್ನು ಒಳಗೆ ತಿಕ್ಕಿದ ಹಾಗೆ. ಆ ಬ್ರಶ್ ಕಬ್ಬಿಣಕ್ಕೆ ಮುಟ್ಟಿಸಿದವನಿಗೆ ಹತ್ತು ರೂಪಾಯಿ ದಂಡ. ಇದುವರೆಗೆ ಜಾಸ್ತಿ ಕಟ್ಟಿದವನು ನಾನೇ.

ಸಾಗರದ ಗಾಡಿಯನ್ನು ಜನವರಿಯಲ್ಲೇ ತರಿಸಿಕೊಂಡಿದ್ದೆವು. ವೆಲ್ಡಿಂಗ್ ಎರಡು ದಿನ, ಹಳೆ ಸಿಲಿಕಾನ್ ಕೆರೆಯಲು ಮೂರು ದಿನ. ಅದು ಚೂರು ಉಳಿದರೂ ವೆಲ್ಡ್ ಕೆಡುತ್ತದೆ. ರಿವೆಟ್ ತೂತಿದ್ದ ಅಂಚನ್ನೇ ಕತ್ತರಿಸಿ ಹೊಸ ಪಟ್ಟಿ ಕೂರಿಸಿದೆವು. ಮೇಲಿಂದ ಅರ್ಧ ಗಂಟೆ ಪೈಪಿನಲ್ಲಿ ನೀರು ಬಿಟ್ಟು ನಾನು ಒಳಗೆ ಟಾರ್ಚ್ ಹಿಡಿದು ಕೂತೆ. ಎರಡು ಕಡೆ ಹನಿ ಬಂತು. ಎರಡೂ 4ಟಿ ಕೈ ಕುದುರುವ ಮುಂಚೆ ಮುಗಿಸಿದ ತುದಿಗಳು. ಅವನ್ನು ಕೆತ್ತಿ ಮತ್ತೆ ತುಂಬಿದೆವು.

ಜುಲೈನಲ್ಲಿ, ಮಳೆ ಜೋರಿದ್ದಾಗ, ಅದೇ ನಂಬರಿಂದ ಫೋನ್ ಬಂತು. ಎತ್ತಲು ಕೈ ಬರಲಿಲ್ಲ. ಎತ್ತಿದರೆ, "ಅಣ್ಣಾ, ಚಟ್ನಿ ಡಬ್ಬ ಇಡೋಕೆ ಒಂದು ಸಣ್ಣ ಗೂಡು ಬೇಕಿತ್ತು. ಹಗುರ ಶೀಟಲ್ಲಿ ಮಾಡ್ಕೊಡಿ." 18 ಗೇಜ್, ಅಂದರೆ 1.2 ಎಂಎಂ. 0.8 ವೈರ್, ಸ್ಪೂಲ್ ಗನ್, ಶಾಖ ಹೀರಲು ಕೆಳಗೆ ತಾಮ್ರದ ಪಟ್ಟಿ, ಎಲ್ಲಾ ಇಟ್ಟು ನೋಡಿದೆವು. ನಾಲ್ಕು ತುಂಡಿನಲ್ಲಿ ಮೂರು ತೂತು. ಆ ಗೂಡನ್ನು ಎಸಿ ಟಿಗ್ ಇಟ್ಟುಕೊಂಡಿರುವ ಸ್ನೇಹಿತನ ಹತ್ತಿರ ಮಾಡಿಸಿ ಕಳಿಸಿದೆ.