ಇಂಕೊನೆಲ್ 718: ನಾನು ಮಾಡಿಸಿ ನೋಡಿದ ಎರಡು ಹೀಟ್ ಟ್ರೀಟ್‌ಮೆಂಟ್

ಇಂಕೊನೆಲ್ 718 ಅಂದರೆ ಬಿಸಿ ತಡೆಯುವ ನಿಕಲ್ ಮಿಶ್ರಲೋಹ. ಮೊದಲೇ ಹೇಳಿಬಿಡುತ್ತೇನೆ, ಅದನ್ನು ಕಾಯಿಸಿ ತಣಿಸಿ ಗಟ್ಟಿ ಮಾಡುವುದರಲ್ಲಿ ನನ್ನ ಓಟು 970 ಡಿಗ್ರಿ ಸೈಕಲ್‌ಗೆ. ಒಂದು ಗಂಟೆ ಸೊಲ್ಯೂಷನ್ (ಬಲ ಕೊಡುವ ಧಾತುಗಳು ಲೋಹದಲ್ಲಿ ಕರಗುವ ಹಾಗೆ ಕಾಯಿಸುವುದು), ಹೊರಗೆ ತೆಗೆದು ಗಾಳಿಯಲ್ಲಿ ತಣಿಸುವುದು. ಆಮೇಲೆ ಏಜಿಂಗ್, ಅಂದರೆ ಗಟ್ಟಿಯಾಗಲು ಕಡಿಮೆ ಬಿಸಿಯಲ್ಲಿ ಇಡುವುದು: 720ರಲ್ಲಿ 8 ಗಂಟೆ, ಗಂಟೆಗೆ 55 ಡಿಗ್ರಿಯಂತೆ ಇಳಿಸಿ 620ರಲ್ಲಿ ಇನ್ನೂ 8 ಗಂಟೆ.

ಪುಣೆಯ ಭೋಸರಿಯಲ್ಲಿ ನಮ್ಮದು ಸಣ್ಣ ಮಷೀನ್ ಶಾಪ್. ನಾನು, ಬೆಳಗಾವಿ ಕಡೆಯ ಇಬ್ಬರು ಹುಡುಗರು. ನಾವು ಮಾಡುವ ಸ್ಟಡ್‌ಗಳು (ತಲೆಯಿಲ್ಲದ ಬೋಲ್ಟ್‌ಗಳು) 600 ಡಿಗ್ರಿ ಬಿಸಿಯಲ್ಲಿ, ಬಿಗಿದ ಸ್ಥಿತಿಯಲ್ಲೇ ಕೆಲಸ ಮಾಡಬೇಕು.

ಮೊದಲ ಲಾಟ್‌ಗೂ ಇದೇ ಸೈಕಲ್ ಬರೆದುಕೊಟ್ಟಿದ್ದೆ. ಆದರೆ ಹೀಟ್ ಟ್ರೀಟರ್ ಸೊಲ್ಯೂಷನ್ ಆದ ಮೇಲೆ ಮಾಲನ್ನು ರಾತ್ರಿಯಿಡೀ ಫರ್ನೇಸ್ ಒಳಗೇ ಬಿಟ್ಟಿದ್ದರು. ಹಾರ್ಡ್‌ನೆಸ್ (ಗಟ್ಟಿತನ) ರಾಕ್‌ವೆಲ್ C ಅಳತೆಯಲ್ಲಿ 38 ಬಂತು, ರಿಪೋರ್ಟ್ ಪಾಸ್. ಎರಡೇ ವಾರಕ್ಕೆ ಸ್ಟಡ್‌ಗಳು ಥ್ರೆಡ್‌ನ ಬುಡದಲ್ಲಿ ಪಟ್ಟನೆ ಮುರಿದವು.

ಒಂದು ತುಂಡು ಕತ್ತರಿಸಿ ಪಾಲಿಶ್ ಮಾಡಿದೆ. ಲೋಹದ ಒಳರಚನೆ ಎದ್ದು ಕಾಣಿಸುವ ಹಸಿರು ಬಣ್ಣದ ಕಾಲಿಂಗ್ಸ್ ದ್ರಾವಣದಲ್ಲಿ ಹತ್ತಿ ಅದ್ದಿ ಒರೆಸಿ, ತೊಳೆದು, 500 ಪಟ್ಟು ದೊಡ್ಡದಾಗಿ ನೋಡಿದೆ. ಗ್ರೇನ್‌ಗಳ (ಲೋಹದೊಳಗಿನ ಹರಳುಗಳ) ಅಂಚಿನುದ್ದಕ್ಕೂ ಜಾಲಿ ಮುಳ್ಳಿನ ಬೇಲಿ ಹಾಕಿದ ಹಾಗೆ ಸೂಜಿಗಳು! ಅದೇ ಡೆಲ್ಟಾ, ಲೋಹದೊಳಗೇ ಬೆಳೆಯುವ ಬೇರೊಂದು ಬಗೆಯ ಹರಳು.

718ಕ್ಕೆ ಮುಖ್ಯ ಬಲ ಕೊಡುವುದು ಗಾಮಾ ಡಬಲ್ ಪ್ರೈಮ್. ನಿಕಲ್, ನಯೋಬಿಯಂ ಸೇರಿ ಆಗುವ ತೀರಾ ಸಣ್ಣ ಬಿಲ್ಲೆಗಳು, ಸಾದಾ ಮೈಕ್ರೋಸ್ಕೋಪ್‌ಗೆ ಕಾಣುವುದೇ ಇಲ್ಲ. ಡೆಲ್ಟಾಕ್ಕೂ ಬೇಕಾದದ್ದು ಅದೇ ನಯೋಬಿಯಂ. 900 ಡಿಗ್ರಿ ಹತ್ತಿರ ಡೆಲ್ಟಾ ಜೋರಾಗಿ ಬೆಳೆಯುತ್ತದೆ. ನಿಧಾನ ತಣಿಸಿದರೆ ಮಾಲು ಅಲ್ಲೇ ಗಂಟೆಗಟ್ಟಲೆ ಕೂತಿರುತ್ತದೆ, ಅಲ್ವಾ? ಉಳಿದ ನಯೋಬಿಯಂನಿಂದ ಏಜಿಂಗ್‌ನಲ್ಲಿ ಒಂದಿಷ್ಟು ಗಟ್ಟಿತನ ಬಂದೇ ಬರುತ್ತದೆ. ಹಾಗಾಗಿ ಹಾರ್ಡ್‌ನೆಸ್ ನಂಬರ್ ಸುಳಿವು ಕೊಡಲಿಲ್ಲ.

ಆ ಭಯಕ್ಕೆ ಮುಂದಿನ ಲಾಟ್‌ಗೆ 1035 ಡಿಗ್ರಿ ಸೊಲ್ಯೂಷನ್, 785ರಲ್ಲಿ ಒಂದೇ ಏಜಿಂಗ್ ಮಾಡಿಸಿದೆ. ಡೆಲ್ಟಾ ಪೂರ್ತಿ ಕರಗಿತ್ತು, ಅಂಚುಗಳು ಕ್ಲೀನ್. ಏಜಿಂಗ್ 7 ಗಂಟೆಯಲ್ಲಿ ಮುಗಿಯಿತು, ಖರ್ಚೂ ಕಡಿಮೆ. ಆದರೆ ಅಂಚುಗಳನ್ನು ಹಿಡಿದು ನಿಲ್ಲಿಸಲು ಡೆಲ್ಟಾ ಇಲ್ಲದೆ ಗ್ರೇನ್‌ಗಳು ದಪ್ಪ ಆಗಿಬಿಟ್ಟವು. ತೈಲಬಾವಿಯ ವಾಲ್ವ್ ಭಾಗಗಳಿಗೆ ಈ ದಾರಿಯೇ ಸರಿ, ಅಲ್ಲಿ ಬೇಕಾದದ್ದು ಟಫ್‌ನೆಸ್, ಅಂದರೆ ಪಟ್ಟನೆ ಮುರಿಯದೆ ತಾಳುವ ಗುಣ. ಬಿಸಿಯಲ್ಲಿ ಎಳೆತ ತಿನ್ನುವ ಥ್ರೆಡ್‌ಗೆ ಸಣ್ಣ ಗ್ರೇನ್, ಅಂಚಿನಲ್ಲಿ ಅಲ್ಲಲ್ಲಿ ಚೂರುಚೂರು ಡೆಲ್ಟಾ ಇದ್ದರೇ ಒಳ್ಳೆಯದು. ಬೇಲಿ ಕಟ್ಟಬಾರದು, ಅಷ್ಟೇ.

ಸೊಲ್ಯೂಷನ್ ಬಿಟ್ಟು ನೇರ ಏಜಿಂಗ್ ಮಾಡುವುದೂ ಉಂಟು. ಅದು ಫೋರ್ಜಿಂಗನ್ನೇ ಹಿಡಿತದಲ್ಲಿ ಇಟ್ಟುಕೊಂಡವರ ಕೆಲಸ, ಬಾರ್ ಕೊಂಡು ತರುವ ನಮ್ಮದಲ್ಲ.

ನಾವು ಕಳಿಸುವುದು ಒಂದು ಸಲಕ್ಕೆ ನಲವತ್ತು ಸ್ಟಡ್, ಅದೂ ಬೇರೆಯವರ ಲೋಡ್ ಜೊತೆ. ಏಜಿಂಗ್‌ಗೆ ಫರ್ನೇಸ್ ಹೊತ್ತು ಜಾಸ್ತಿ ಹಿಡಿದರೂ 970ಕ್ಕೇ ಮರಳಿದ್ದೇನೆ. ಜಾಬ್ ಕಾರ್ಡ್ ಮೇಲೆ ಕೆಂಪು ಪೆನ್ನಿನಲ್ಲಿ, ಮರಾಠಿಯಲ್ಲೇ ಬರೆಯುತ್ತೇನೆ: ಸೊಲ್ಯೂಷನ್ ಆದ ಕೂಡಲೇ ಹೊರಗೆ ತೆಗೆಯಿರಿ. ಅದೇ ಬಾರ್‌ನ ಒಂದು ಇಂಚಿನ ತುಂಡನ್ನೂ ತಂತಿಯಲ್ಲಿ ಕಟ್ಟಿ ಕಳಿಸುತ್ತೇನೆ. ವಾಪಸ್ ಬಂದಾಗ ಮೊದಲು ಕತ್ತರಿಸಿ ನೋಡುವುದು ಅದನ್ನೇ.