ಬಡಾವಣೆಯ ವ್ಯಸನ ತಡೆ ಒಕ್ಕೂಟ: ಅಂಗಡಿಯವರು ಬಂದರು, ಹುಡುಗರನ್ನು ಕರೆಯಲಿಲ್ಲ

ದಾವಣಗೆರೆಯಲ್ಲಿ ಕಾಲೇಜುಗಳೂ ಹಾಸ್ಟೆಲ್‌ಗಳೂ ಒತ್ತೊತ್ತಾಗಿರುವ ಬಡಾವಣೆಯೊಂದರಲ್ಲಿ ಪೋಷಕರು, ಅಧ್ಯಾಪಕರು, ವೈದ್ಯರು, ಅಂಗಡಿ ಮಾಲೀಕರು ಹಾಗೂ ಬೀಟ್ ಪೊಲೀಸರು ಸೇರಿ ಯುವಜನರ ಮಾದಕ ವ್ಯಸನ ತಡೆಯಲು ಒಕ್ಕೂಟವೊಂದನ್ನು ನಡೆಸುತ್ತಿದ್ದಾರೆ. ಪಿಯುಸಿ ಓದುವ ಮಗನಿರುವ ನಾನು ಕೆಲವು ತಿಂಗಳಿಂದ ಅದರ ಸಭೆಗಳಿಗೆ ಹೋಗುತ್ತಿದ್ದೇನೆ. ಶುಲ್ಕವಿಲ್ಲ, ಯಾರು ಬೇಕಾದರೂ ಹೋಗಬಹುದು.

ಮೊದಲು ಮೆಚ್ಚಬೇಕಾದದ್ದು ಅಂಗಡಿಯವರನ್ನು ಜೊತೆಗೆ ಸೇರಿಸಿಕೊಂಡ ರೀತಿ. 2003ರ ಕೇಂದ್ರ ಕಾಯ್ದೆಯಲ್ಲಿ 18 ವರ್ಷವಿದ್ದ ತಂಬಾಕು ಖರೀದಿಯ ವಯೋಮಿತಿಯನ್ನು ಕರ್ನಾಟಕದ ತಿದ್ದುಪಡಿ 21ಕ್ಕೆ ಏರಿಸಿದೆ, ಶಿಕ್ಷಣ ಸಂಸ್ಥೆಗಳಿಂದ 100 ಮೀಟರ್ ಒಳಗಿನ ಮಾರಾಟವನ್ನೂ ಬಿಡಿ ಸಿಗರೇಟನ್ನೂ ನಿಷೇಧಿಸಿದೆ ಎಂಬುದು ಇಲ್ಲಿನ ಹಲವು ಬೀಡಾ ಅಂಗಡಿಯವರಿಗೆ ತಿಳಿದಿರಲಿಲ್ಲ. ಸದಸ್ಯರು ದಂಡದ ಮಾತೆತ್ತದೆ, ಟೇಪು ಹಿಡಿದು ಕಾಲೇಜಿನ ಗೇಟಿನಿಂದ ದೂರವನ್ನು ಅವರೆದುರೇ ಅಳೆದು ತೋರಿಸಿದರು. ನೋವು ನಿವಾರಕ ಟ್ರಮಡಾಲ್, ಆತಂಕ ತಗ್ಗಿಸುವ ಅಲ್ಪ್ರಜೋಲಮ್‌ನಂಥ, ವೈದ್ಯರ ಚೀಟಿಯಿಲ್ಲದೆ ಮಾರಬಾರದ ಎಚ್1 ಪಟ್ಟಿಯ ಔಷಧಿ ಮಾರಿದಾಗಲೆಲ್ಲ ರೋಗಿಯ ಮತ್ತು ವೈದ್ಯರ ಹೆಸರನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಕಾಪಾಡಬೇಕೆಂದು ವಿವರಿಸಿದ ಮೆಡಿಕಲ್ ಶಾಪ್ ಮಾಲೀಕರೊಬ್ಬರು, ಚೀಟಿಯಿಲ್ಲದೆ ಬರುವ ಹುಡುಗರು ಏನೇನು ಕೇಳುತ್ತಾರೆಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಗಾಂಜಾ ಒಂದನ್ನೇ ಚಿಂತಿಸುತ್ತಿದ್ದ ಪೋಷಕರು ಕೆಮ್ಮಿನ ಸಿರಪ್ಪು, ನಶೆಗೆಂದು ಮೂಸುವ ಪಂಕ್ಚರ್ ಅಂಗಡಿಯ ಸಲ್ಯೂಷನ್ ಬಗ್ಗೆ ಪ್ರಶ್ನೆ ಕೇಳತೊಡಗಿದ್ದು ಅಂದಿನಿಂದಲೇ.

ಅಂತರರಾಷ್ಟ್ರೀಯ ಮಾದಕ ವಸ್ತು ವಿರೋಧಿ ದಿನವಾದ ಜೂನ್ 26ರ ಜಾಥಾದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಮಕ್ಕಳು ಬಿಸಿಲಲ್ಲಿ ನಿಂತರು, ಗಣ್ಯರಿಗೆ ಶಾಲು ಹೊದಿಸಲಾಯಿತು.

ಒಕ್ಕೂಟ ಎಡವುವುದು ಚಟಕ್ಕೆ ಬಿದ್ದ ಹುಡುಗನೊಬ್ಬ ಪತ್ತೆಯಾದ ಮೇಲೆ. ಪರಿಚಿತರೊಬ್ಬರು ಮಗನ ವಿಷಯವನ್ನು ನಂಬಿಕೆಯಿಂದ ಹೇಳಿಕೊಂಡರೆ, ವಾರದೊಳಗೆ ಅದು ವಾಟ್ಸಾಪ್ ಗುಂಪಿನಲ್ಲಿತ್ತು. ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿಯೇ ಸರ್ಕಾರದ ಮಾನ್ಯತೆಯುಳ್ಳ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾದರೆ ಮಾದಕ ವಸ್ತುಗಳ ನಿಯಂತ್ರಣಕ್ಕಿರುವ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಅವನಿಗೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಕಾನೂನಿಗಿರುವ ಈ ಕನಿಕರ ಸಮಿತಿಯವರಿಗೂ ಇರಬೇಕಿತ್ತು.

ಇನ್ನೊಂದು ಕೊರತೆ, ಸಮಿತಿಯಲ್ಲಿ ವಿದ್ಯಾರ್ಥಿಗಳೇ ಇಲ್ಲದಿರುವುದು. ಅಮೆರಿಕದಲ್ಲಿ 1997ರ ಕಾನೂನಿನಡಿ ಇಂಥ ಒಕ್ಕೂಟಗಳಿಗೆ ಸರ್ಕಾರದ ಅನುದಾನ ಸಿಗಬೇಕಾದರೆ ಸಮಾಜದ 12 ವಲಯಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಯುವಜನರೂ ಕಡ್ಡಾಯ. ಇಲ್ಲಿ ಹುಡುಗರ ಕುರಿತು ಗಂಟೆಗಟ್ಟಲೆ ಮಾತನಾಡುವವರೆಲ್ಲ ನಲವತ್ತು ದಾಟಿದವರು. ಯಾವ ಹಾಸ್ಟೆಲಿನ ಹಿಂದೆ ಏನು ಸಿಗುತ್ತದೆಂದು ಬಲ್ಲವರಿಗೆ ಮಾತ್ರ ಕುರ್ಚಿಯಿಲ್ಲ. ಕೇಳಿದರೆ, ಅವರಿಗೆ ಓದಿರುತ್ತದೆ ಎನ್ನುತ್ತಾರೆ.

ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಬೀದಿಯ ಅಂಗಡಿಯ ಮೇಲೆ ದೂರಿದ್ದರೆ ನಿಸ್ಸಂಕೋಚವಾಗಿ ಇಲ್ಲಿಗೆ ಹೋಗಬಹುದು, ತಡವಿಲ್ಲದೆ ಯಾರಾದರೂ ಬಂದು ವಿಚಾರಿಸುತ್ತಾರೆ. ಸ್ವಂತ ಮಗ ಅಥವಾ ಮಗಳ ಚಿಂತೆಯಾದರೆ, ಸದ್ಯಕ್ಕೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446ಕ್ಕೆ ಕರೆ ಮಾಡುವುದೇ ಲೇಸು.