ದೆಹಲಿಯ ಹ್ಯಾಪಿನೆಸ್ ಪಠ್ಯಕ್ರಮ: ಕಥೆಯ ಎರಡನೇ ದಿನವೇ ಇದರ ಜೀವಾಳ

ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರ ಜುಲೈನಲ್ಲಿ ಶುರುವಾದ ಹ್ಯಾಪಿನೆಸ್ ಪಠ್ಯಕ್ರಮದಲ್ಲಿ ಮಕ್ಕಳಿಗೆ ಪಠ್ಯಪುಸ್ತಕವಿಲ್ಲ, ಪರೀಕ್ಷೆಯೂ ಇಲ್ಲ. ಇರುವುದು ಶಿಕ್ಷಕರ ಕೈಪಿಡಿ, 35 ನಿಮಿಷದ ಪಿರಿಯಡ್ಡು. ನರ್ಸರಿಯಿಂದ ಎಂಟನೇ ತರಗತಿವರೆಗಿನ ಮಕ್ಕಳಿಗೆ ರೂಪಿಸಿದ್ದು ಇದು. ಇದರ ಬೇರಾದ ಸಹ-ಅಸ್ತಿತ್ವದ ಚಿಂತನೆ (ಮನುಷ್ಯ, ಪ್ರಕೃತಿ ಎಲ್ಲವೂ ಒಂದಕ್ಕೊಂದು ಪೂರಕವಾಗಿ ಬಾಳುವುದು) ಎ. ನಾಗರಾಜ್ ಅವರದು, ಹಾಸನ ಜಿಲ್ಲೆಯಲ್ಲಿ ಹುಟ್ಟಿ ಮಧ್ಯಪ್ರದೇಶದ ಅಮರಕಂಟಕದಲ್ಲಿ ನೆಲೆಸಿದ ಚಿಂತಕರು.

ಧ್ಯಾನದ ಕ್ಲಾಸು ಎಂದುಕೊಂಡು ಕೈಪಿಡಿ ತೆರೆದರೆ ಅಚ್ಚರಿಯಾಗುತ್ತದೆ: ಧ್ಯಾನ ಇದರ ಒಂದು ಭಾಗವಷ್ಟೇ. ದಿನವೂ ಆರಂಭಕ್ಕೆ ಮೂರರಿಂದ ಐದು ನಿಮಿಷ ಉಸಿರಿನ ಅಥವಾ ಸುತ್ತಲಿನ ಸದ್ದಿನ ಮೇಲೆ ಗಮನ, ಕೊನೆಗೆ ಒಂದೆರಡು ನಿಮಿಷ ಮೌನ. ಮಂತ್ರ ಹೇಳಿಸಬಾರದು, ಕಣ್ಣು ಮುಚ್ಚಲು ಕಷ್ಟಪಡುವ ಮಗು ತಲೆ ತಗ್ಗಿಸಿ ಕೂತರೆ ಸಾಕು ಎಂಬ ಸೂಚನೆಗಳು ಬಹಳ ಒಳ್ಳೆಯವು. ಎಡವುವುದೂ ಇಲ್ಲೇ. ಶಿಕ್ಷಕರು ಬೆಂಚುಗಳ ನಡುವೆ ಓಡಾಡುತ್ತ "ಯಾರೋ ಕಣ್ಣು ಬಿಟ್ಟವನು?" ಎಂದು ಗದರಿದರೆ ಮುಗಿಯಿತು, ಮಕ್ಕಳ ಗಮನವೆಲ್ಲ ಮೇಷ್ಟರ ಚಪ್ಪಲಿ ಸದ್ದಿನ ಮೇಲೆ. ಹೊರಗೆ ಗಲಾಟೆ ಇದ್ದ ದಿನ ಉಸಿರಿನ ಚಟುವಟಿಕೆ ಬಿಟ್ಟು, ಆ ಗಲಾಟೆಯನ್ನೇ ಕೇಳಿಸುವುದು ವಾಸಿ: ಹತ್ತಿರದ್ದು ಯಾವುದು, ದೂರದ್ದು ಯಾವುದು, ನಿಂತುಹೋದದ್ದು ಯಾವುದು.

ನಿಜವಾದ ಕಸುಬು ಕೈಪಿಡಿಯ ಕಥೆಗಳಲ್ಲಿದೆ. ಒಂದು ಕಥೆಗೆ ಕನಿಷ್ಠ ಎರಡು ದಿನ. ಮೊದಲ ದಿನ ಕಥೆ, ಪ್ರಶ್ನೆ. ಮಕ್ಕಳು ಅದನ್ನು ಮನೆಯಲ್ಲಿ ಹೇಳಿ, ಮಾತಾಡಿ ಬರಬೇಕು. ಎರಡನೇ ದಿನ ಅವರೇ ಕಥೆ ಹೇಳುತ್ತಾರೆ, ಮನೆಯಲ್ಲಿ ಬಂದ ಮಾತು ಹಂಚಿಕೊಳ್ಳುತ್ತಾರೆ. "ನಿನಗೂ ಹೀಗೆ ಆಗಿತ್ತಾ?" ಎಂಬ ಪ್ರಶ್ನೆಗೆ ಉತ್ತರ ಬರುವುದು ಹೆಚ್ಚಾಗಿ ಆ ದಿನವೇ, ಏಕೆಂದರೆ ಅಷ್ಟರಲ್ಲಿ ಕಥೆ ಮಗುವಿನದಾಗಿರುತ್ತದೆ. ಸಿಲೆಬಸ್ ಮುಗಿಸುವ ಅವಸರದಲ್ಲಿ ಎರಡೂ ದಿನವನ್ನು ಒಂದೇ ಪಿರಿಯಡ್ಡಿಗೆ ತುರುಕಿ "ಈ ಕಥೆಯ ನೀತಿ ಏನು?" ಎಂದು ಕೇಳಿದರೆ ಮಕ್ಕಳು ಮೇಷ್ಟರಿಗೆ ಬೇಕಾದ ಉತ್ತರವನ್ನೇ ಒಪ್ಪಿಸುತ್ತಾರೆ.

ಕೊರತೆ? ಐವತ್ತು ಮಕ್ಕಳ ತರಗತಿಯಲ್ಲಿ ಎಲ್ಲರಿಗೂ ಮಾತಿನ ಸರದಿ ಬರುವುದಿಲ್ಲ. ನಾಲ್ಕೈದು ಜನರ ಗುಂಪು ಮಾಡಿ ಅಲ್ಲೇ ಹೇಳಿಸಿ, ದಿನಕ್ಕೆ ಎರಡು ಗುಂಪಿನ ಮಾತನ್ನಷ್ಟೇ ತರಗತಿಗೆ ತರಬೇಕು. ಮಗು ಮನೆಯ ಹೊಡೆತ-ಬಡಿತದ ಸಂಗತಿ ಹೇಳಿಬಿಟ್ಟರೆ ಅದನ್ನು ಅಲ್ಲಿ ಕೆದಕಬಾರದು. ಪಿರಿಯಡ್ ಮುಗಿದ ಮೇಲೆ ಪ್ರತ್ಯೇಕವಾಗಿ ಕೂರಿಸಿ ಕೇಳಬೇಕು, ಅಪಾಯ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು.

ಕನ್ನಡ ಶಾಲೆಗೆ ತರುವವರು ಕಥೆಯ ಊರು, ಹೆಸರು, ಊಟ-ತಿಂಡಿ ಧಾರಾಳವಾಗಿ ಬದಲಿಸಿ. ಎರಡನೇ ದಿನವನ್ನು ಮಾತ್ರ ಕೈಬಿಡಬೇಡಿ.